ಬೆಂಗಳೂರಿನಷ್ಟೇ ರೀಚಾರ್ಜ್ ದರ ಕೊಟ್ಟರೂ ಕೊಡಗಿನ ಹಳ್ಳಿಗಳಲ್ಲಿ ಸಿಗ್ನಲ್ ಏಕೆ ಸಿಗುವುದಿಲ್ಲ?

ಮೊಬೈಲ್ ಟವರಿನ ಖರ್ಚು ಬಳಕೆದಾರರ ಸಂಖ್ಯೆಯ ಮೇಲೆ ಹೆಚ್ಚು ನಿಂತಿಲ್ಲ, ಅದರ ಆದಾಯ ಮಾತ್ರ ಆ ಸಂಖ್ಯೆಯ ಮೇಲೆಯೇ ನಿಂತಿದೆ. ಜಾಗದ ಬಾಡಿಗೆ, ಉಪಕರಣ, ವಿದ್ಯುತ್, ಫೈಬರ್ ಕೇಬಲ್ ಇವೆಲ್ಲದರ ವೆಚ್ಚ ನೂರು ಮಂದಿಗಾದರೂ ಸಾವಿರ ಮಂದಿಗಾದರೂ ಹೆಚ್ಚುಕಡಿಮೆ ಒಂದೇ. 2011ರ ಜನಗಣತಿಯಂತೆ ಕೊಡಗಿನಲ್ಲಿ ಚದರ ಕಿಲೋಮೀಟರಿಗೆ 135 ಜನರಿದ್ದರೆ, ಬೆಂಗಳೂರು ನಗರ ಜಿಲ್ಲೆಯಲ್ಲಿ 4,000ಕ್ಕೂ ಹೆಚ್ಚು ಜನರಿದ್ದರು.

ನಮ್ಮ ಕೊಡಗಿನಲ್ಲಿ ಆದಾಯ ಕಡಿಮೆಯಾಗುವುದರ ಜೊತೆಗೆ ಖರ್ಚೂ ಏರುತ್ತದೆ. ಒಂದು ಗುಡ್ಡ ಅಡ್ಡ ಬಂದರೆ ಆಚೆಯ ಇಳಿಜಾರಿಗೆ ಇನ್ನೊಂದು ಟವರ್ ಬೇಕಾಗುತ್ತದೆ. ಕಾಫಿ ತೋಟದ ನೆರಳಿನ ಮರಗಳ ಒದ್ದೆ ಎಲೆಗಳು ತರಂಗಗಳನ್ನು ಹೀರುತ್ತವೆ. ಮಳೆಗಾಲದಲ್ಲಿ ಮರ ಬಿದ್ದು ಕರೆಂಟ್ ಹೋದರೆ ಜನರೇಟರಿಗೆ ಡೀಸೆಲ್ ಹೊತ್ತೊಯ್ಯಬೇಕು. ದರವನ್ನು ಊರೂರಿಗೆ ಬೇರೆ ಮಾಡುವ ರೂಢಿಯಿಲ್ಲದ ಕಾರಣ ಈ ಹೊರೆ ಬಿಲ್ಲಿನಲ್ಲಿ ಕಾಣದೆ, ಸಿಗ್ನಲ್ಲಿನ ಕೊರತೆಯಾಗಿ ಕಾಣುತ್ತದೆ. ಲೈನ್ ಮನೆಯ (ತೋಟದ ಸಾಲು ಮನೆಗಳ) ಕಾರ್ಮಿಕರು ಒಂದು ಒಟಿಪಿಗಾಗಿ ಮಳೆಯಲ್ಲಿ ದಿಬ್ಬ ಹತ್ತಿ ನಿಲ್ಲುವುದನ್ನು ನೋಡಿದವರಿಗೆ ಈ ಕೊರತೆಯ ಬೆಲೆ ಗೊತ್ತು.

ಈ ಅಂತರ ತುಂಬಲೆಂದೇ ಸರ್ಕಾರ 2002ರಲ್ಲಿ ಸಾರ್ವತ್ರಿಕ ಸೇವಾ ನಿಧಿಯನ್ನು ಆರಂಭಿಸಿ, ಟೆಲಿಕಾಂ ಕಂಪನಿಗಳ ಹೊಂದಾಣಿಕೆ ಮಾಡಿದ ಆದಾಯದ (ಕೆಲವು ಬಾಬ್ತುಗಳನ್ನು ಕಳೆದ ಮೇಲೆ ಉಳಿಯುವ ಆದಾಯದ) ಶೇ 5ರಷ್ಟನ್ನು ಅದಕ್ಕೆ ಪಡೆಯುತ್ತಿದೆ. 2023ರ ದೂರಸಂಪರ್ಕ ಕಾಯ್ದೆ ಅದನ್ನು ಡಿಜಿಟಲ್ ಭಾರತ್ ನಿಧಿ ಎಂದು ಕರೆಯಿತು. ಇದನ್ನು ನಾನು ದಾನವೆಂದು ಎಣಿಸುವುದಿಲ್ಲ, ಏಕೆಂದರೆ ತೋಟದ ಮನೆಯ ಫೋನ್ ಕೆಲಸ ಮಾಡಿದರೆ ಬೆಂಗಳೂರಿನಿಂದ ಅಲ್ಲಿಗೆ ಕರೆ ಮಾಡುವ ಮಗಳ ಸಂಪರ್ಕಕ್ಕೂ ಬೆಲೆ ಬರುತ್ತದೆ.