ಹಾವು ಊಟ ಬಿಟ್ಟಿದೆ, ಏನು ಮಾಡಲಿ?

ಹಾವು ಸಾಕುವ ಬಗ್ಗೆ ಮೈಸೂರು, ಮಂಡ್ಯ ಕಡೆಯ ಓದುಗರು ಬರೆದ ಪತ್ರಗಳಲ್ಲಿ ನಾಲ್ಕು ಇಲ್ಲಿವೆ. ಸಾಕುಪ್ರಾಣಿಗಳ ವೈದ್ಯರು ಉತ್ತರಿಸಿದ್ದಾರೆ.

ಪ್ರಶ್ನೆ: ಡಾಕ್ಟ್ರೇ, ನಾನು ಇಂಜಿನಿಯರಿಂಗ್ ಓದುತ್ತಿದ್ದೇನೆ. ಎಂಟು ತಿಂಗಳ ಬಾಲ್ ಪೈಥಾನ್ ತಂದಿದ್ದೇನೆ. ಹಾಲ್‌ನಲ್ಲಿ ಗಾಜಿನ ಟ್ಯಾಂಕ್ ಇಟ್ಟಿದ್ದೇನೆ. ದಿನಾ ಸಂಜೆ ಫ್ರೆಂಡ್ಸ್ ಬರುತ್ತಾರೆ, ಕೈಗೆ ತೆಗೆದುಕೊಳ್ಳುತ್ತಾರೆ. ಐದು ವಾರದಿಂದ ಏನೂ ತಿಂದಿಲ್ಲ. ಜೀವಂತ ಇಲಿ ಬಿಟ್ಟರೂ ಮುಟ್ಟುತ್ತಿಲ್ಲ. ಬಾಯಿ ತೆರೆದು ತಿನ್ನಿಸಬೇಕಾ? – ವಿಜಯನಗರ, ಮೈಸೂರು

ಉತ್ತರ: ಬಾಯಿ ತೆರೆಯುವ ಕೆಲಸಕ್ಕೆ ದಯವಿಟ್ಟು ಕೈ ಹಾಕಬೇಡಿ. ಟ್ಯಾಂಕ್ ಒಳಗೆ ಬಿಟ್ಟ ಇಲಿಯನ್ನೂ ಈಗಲೇ ಹೊರಗೆ ತೆಗೆಯಿರಿ. ಹಸಿದ ಇಲಿ ರಾತ್ರಿ ಹಾವನ್ನೇ ಕಚ್ಚಿ ತಿನ್ನುತ್ತದೆ. ಬೆನ್ನಿನ ಮೂಳೆ ಕಾಣುವಷ್ಟು ಗಾಯ ಆಗುವುದುಂಟು.

ಬಾಲ್ ಪೈಥಾನ್ ಅಂದರೆ ಆಫ್ರಿಕಾದ ಸಣ್ಣ ಹೆಬ್ಬಾವು. ಅದು ಊಟ ಬಿಡುವುದು ಹೊಸ ವಿಷಯವಲ್ಲ. ಬೆಳೆದ, ಆರೋಗ್ಯವಾಗಿರುವ ಹಾವು ತಿಂಗಳುಗಟ್ಟಲೆ ಉಪವಾಸ ಇದ್ದು ತಾನಾಗೇ ಮತ್ತೆ ತಿನ್ನಲು ಶುರು ಮಾಡುತ್ತದೆ. ಮರಿಗೆ ಅಷ್ಟು ತಾಳಿಕೆ ಇಲ್ಲ. ಹಾಗಾಗಿ ಒಂದು ಡಿಜಿಟಲ್ ತಕ್ಕಡಿ ತನ್ನಿ. ಅಡುಗೆಮನೆಯದ್ದು ಬೇಡ, ಇದಕ್ಕೇ ಬೇರೆ ಇರಲಿ. ವಾರಕ್ಕೊಮ್ಮೆ ತೂಕ ಬರೆದಿಡಿ. ಹತ್ತರಲ್ಲಿ ಒಂದು ಪಾಲು ತೂಕ ಇಳಿದರೆ ಕಾಯಬೇಡಿ, ವೈದ್ಯರ ಹತ್ತಿರ ಕರೆದುಕೊಂಡು ಬನ್ನಿ. ಬಾಯಿ ತೆರೆದು ಉಸಿರಾಡುತ್ತಿದ್ದರೆ, ಮೂಗಿನಲ್ಲಿ ಗುಳ್ಳೆ ಕಂಡರೆ ಅವತ್ತೇ ಬನ್ನಿ. ಅದು ಶ್ವಾಸಕೋಶದ ಸೋಂಕಿರಬಹುದು.

ನಿಮ್ಮ ಪತ್ರದಲ್ಲಿ ಒಂದು ಮಾತೂ ಇಲ್ಲದಿರುವುದು ಬಿಸಿಯ ಬಗ್ಗೆ. ಹೊಸದಾಗಿ ಸಾಕುವವರು ಹಾವಿನ ಬಣ್ಣ, ಉದ್ದ, ಊಟ ಎಲ್ಲ ಬರೆಯುತ್ತಾರೆ, ಟ್ಯಾಂಕ್ ಒಳಗೆ ಎಷ್ಟು ಡಿಗ್ರಿ ಇದೆ ಅಂತ ಬರೆಯುವುದಿಲ್ಲ. ನಾಯಿಗೆ ಚಳಿಯಾದರೆ ಮುದುರಿಕೊಂಡು ನಿಮ್ಮ ಹತ್ತಿರ ಬರುತ್ತದೆ. ಬೆಕ್ಕಿಗೆ ಹಸಿವಾದರೆ ಕೂಗುತ್ತದೆ. ಹಾವು ಅಳುವುದಿಲ್ಲ, ಕರೆಯುವುದಿಲ್ಲ. ಊಟ ಬಿಡುವುದೊಂದೇ ಅದು ನಿಮಗೆ ಹೇಳಬಲ್ಲ ಮಾತು. ಅದನ್ನು ಹಟ ಅಂದುಕೊಳ್ಳಬೇಡಿ.

ಹಾವಿನ ಮೈಗೆ ಸ್ವಂತ ಬಿಸಿ ಇಲ್ಲ. ಹೊರಗಿನ ಬಿಸಿ ಸಿಗದಿದ್ದರೆ ತಿಂದದ್ದು ಜೀರ್ಣವಾಗುವುದಿಲ್ಲ. ಅದಕ್ಕೇ ಅದು ತಿನ್ನುವುದಿಲ್ಲ. ಬಾಲ್ ಪೈಥಾನ್‌ಗೆ ಟ್ಯಾಂಕ್‌ನ ಒಂದು ತುದಿ 31ರಿಂದ 33 ಡಿಗ್ರಿ ಇರಬೇಕು. ಇನ್ನೊಂದು ತುದಿ 25ರಿಂದ 27 ಇರಲಿ. ಎಲ್ಲಿ ಬೇಕೋ ಅಲ್ಲಿ ಅದು ಹೋಗಿ ಮಲಗುತ್ತದೆ. ಮೈಸೂರಿನ ಹವೆ ಮನುಷ್ಯರಿಗೆ ಹಿತ, ಆದರೆ ಡಿಸೆಂಬರ್, ಜನವರಿಯ ರಾತ್ರಿ ಹೊರಗೆ 15, 16ಕ್ಕೆ ಇಳಿಯುತ್ತದೆ. ಪಶ್ಚಿಮ ಆಫ್ರಿಕಾದ ಹಾವಿಗೆ ಅದು ಕಷ್ಟ. ಏಪ್ರಿಲ್‌ನಲ್ಲಿ ತೊಂದರೆ ಉಲ್ಟಾ. ಕಿಟಕಿಯ ಬಿಸಿಲು ಗಾಜಿನ ಟ್ಯಾಂಕ್ ಮೇಲೆ ಸ್ವಲ್ಪ ಹೊತ್ತು ಬಿದ್ದರೂ ಒಳಗಿನ ಹಾವು ಸಾಯಬಹುದು. ಟ್ಯಾಂಕನ್ನು ಬಿಸಿಲು ಬೀಳದ ಗೋಡೆಯ ಕಡೆ ಇಡಿ.

ಟ್ಯಾಂಕ್ ಅಡಿಯಲ್ಲಿ ಒಂದು ಕಡೆಗೆ ಮಾತ್ರ ಹೀಟ್ ಮ್ಯಾಟ್, ಅಂದರೆ ಕರೆಂಟಿನಿಂದ ಬಿಸಿಯಾಗುವ ತೆಳು ಹಾಸು ಹಾಕಿ. ಅದಕ್ಕೆ ಬಿಸಿ ಮಿತಿ ಮೀರದಂತೆ ತಡೆಯುವ ಥರ್ಮೋಸ್ಟಾಟ್ ಇರಲೇಬೇಕು. ಮ್ಯಾಟ್ ತಂದು, ದುಡ್ಡು ಉಳಿಸಲು ಥರ್ಮೋಸ್ಟಾಟ್ ಬಿಟ್ಟರೆ ಹಾವಿನ ಹೊಟ್ಟೆ ಸುಡುತ್ತದೆ. ಸುಟ್ಟರೂ ಅದು ಅಲ್ಲೇ ಮಲಗಿರುತ್ತದೆ, ಅದೇ ಸಂಕಟ. ಒಳಗೆ ಇಡುವ ಬಿಸಿಕಲ್ಲು ಅಂತ ಮಾರುತ್ತಾರಲ್ಲ, ಅದು ಬೇಡವೇ ಬೇಡ. ಕರೆಂಟು ಹೋದರೆ ಇನ್ವರ್ಟರ್‌ಗೆ ಜೋಡಿಸಿ. ಇಲ್ಲದಿದ್ದರೆ ಬಿಸಿನೀರಿನ ಬಾಟಲಿಗೆ ದಪ್ಪ ಬಟ್ಟೆ ಸುತ್ತಿ ಟ್ಯಾಂಕ್ ಒಂದು ಬದಿಗೆ ಇಡಿ.

ಇನ್ನೊಂದು ಕೊರತೆ ಅಡಗಿಕೊಳ್ಳಲು ಮರೆ. ಕಾಡಿನಲ್ಲಿ ಈ ಹಾವು ಹಗಲೆಲ್ಲ ಇಲಿಬಿಲದಲ್ಲಿ, ಹುತ್ತದಲ್ಲಿ ಇರುತ್ತದೆ. ನಾಲ್ಕು ಕಡೆ ಗಾಜು, ಎದುರಿಗೆ ಟಿವಿ, ದಿನಾ ಹೊಸ ಕೈಗಳು ಅಂದ್ರೆ ಅದಕ್ಕೆ ಭಯ. ಮೂರು ಬದಿಗೆ ಕಾಗದ ಅಂಟಿಸಿ. ಒಡೆದ ಮಡಕೆಯ ಎರಡು ತುಂಡುಗಳ ಅಂಚು ಉಜ್ಜಿ ನಯ ಮಾಡಿ, ಬಿಸಿ ಕಡೆ ಒಂದು, ತಂಪು ಕಡೆ ಒಂದು ಬೋರಲು ಹಾಕಿ. ಹಾವು ಸುತ್ತಿಕೊಂಡಾಗ ಮಡಕೆಗೆ ಮೈ ತಾಗುವಷ್ಟು ಇಕ್ಕಟ್ಟಾಗಿರಲಿ. ಅದಕ್ಕೆ ಅಷ್ಟು ಇಕ್ಕಟ್ಟೇ ಧೈರ್ಯ.

ಇದೆಲ್ಲ ಮಾಡಿ ಹತ್ತು ದಿನ ಯಾರೂ ಮುಟ್ಟಬೇಡಿ. ನೀರು ಬದಲಾಯಿಸಿ, ಗಲೀಜು ತೆಗೆಯಿರಿ, ಅಷ್ಟೇ. ಆಮೇಲೆ ಸತ್ತ ಇಲಿ ಕೊಡಿ. ಫ್ರೀಜರ್‌ನದ್ದಾದರೆ ರಾತ್ರಿ ಫ್ರಿಜ್‌ನಲ್ಲಿಟ್ಟು ಕರಗಿಸಿ. ಕೊಡುವ ಮೊದಲು ಕವರ್‌ನಲ್ಲಿ ಹಾಕಿ ಬಿಸಿನೀರಿನಲ್ಲಿ ಅದ್ದಿಡಿ. ಇಲಿಯ ಮೈ ಬೆಚ್ಚಗಿರಬೇಕು. ಈ ಹಾವಿನ ತುಟಿಯ ಮೇಲಿನ ಕುಳಿಗಳು ಬಿಸಿಯನ್ನೇ ಗುರುತಿಸುತ್ತವೆ, ತಣ್ಣಗಿನ ಇಲಿ ಅದಕ್ಕೆ ಊಟದ ಹಾಗೆ ಕಾಣುವುದೇ ಇಲ್ಲ. ಹಾವಿನ ಮೈಯ ದಪ್ಪ ಭಾಗದಷ್ಟೇ ದಪ್ಪದ ಇಲಿ ಸಾಕು. ರಾತ್ರಿ ದೀಪ ಆರಿಸಿ, ಉದ್ದ ಇಕ್ಕಳದಲ್ಲಿ ಹಿಡಿದು ಕೊಡಿ. ತಿಂದರೆ ಎರಡು ದಿನ ಎತ್ತಬೇಡಿ, ಎತ್ತಿದರೆ ಕಕ್ಕಿಬಿಡುತ್ತದೆ. ಗದ್ದೆಯಲ್ಲಿ ಹಿಡಿದ ಇಲಿ ಯಾವತ್ತೂ ಬೇಡ. ಅದರ ಹೊಟ್ಟೆಯಲ್ಲಿ ಇಲಿ ಪಾಷಾಣ ಇರಬಹುದು, ಹುಳವೂ ಇರಬಹುದು.

ಕಾಗದಪತ್ರದ ಬಗ್ಗೆಯೂ ಕೇಳಬೇಕು. 2024ರ ಫೆಬ್ರವರಿಯಲ್ಲಿ ಬಂದ ಕೇಂದ್ರದ ನಿಯಮದ ಪ್ರಕಾರ ಬಾಲ್ ಪೈಥಾನ್ ಇಟ್ಟುಕೊಂಡವರು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ 2.0 ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸಬೇಕು. ಹೊಸದಾಗಿ ತಂದರೆ 30 ದಿನದ ಒಳಗೆ. ಮಾಡಿಸಿಲ್ಲ ಅಂದರೆ ಅರಣ್ಯ ಇಲಾಖೆಗೆ ಹೋಗಿ ನೀವಾಗೇ ಹೇಳಿ. ಬಚ್ಚಿಟ್ಟರೆ ಹಾವಿಗೆ ಹುಷಾರಿಲ್ಲದಾಗ ವೈದ್ಯರ ಹತ್ತಿರ ಬರಲೂ ಹಿಂಜರಿಯುತ್ತೀರಿ. ಆಗ ತೊಂದರೆ ಪಡುವುದು ಹಾವು.

ಪ್ರಶ್ನೆ: ನಮ್ಮ ಕಾರ್ನ್ ಸ್ನೇಕ್ ಅನ್ನುವ ವಿದೇಶಿ ಹಾವಿನ ಕಣ್ಣು ಬೆಳ್ಳಗಾಗಿತ್ತು. ಕುರುಡಾಯಿತು ಅಂದುಕೊಂಡೆವು. ಈಗ ಪೊರೆ ತುಂಡುತುಂಡಾಗಿ ಬರುತ್ತಿದೆ. ಎಳೆದು ತೆಗೆಯಬಹುದಾ? – ನಂಜನಗೂಡು

ಉತ್ತರ: ಎಳೆಯಬೇಡಿ. ಕಣ್ಣು ಮಂಜಾಗುವುದು ಪೊರೆ ಬಿಡುವ ಮುನ್ಸೂಚನೆ. ಹಾವಿಗೆ ರೆಪ್ಪೆ ಇಲ್ಲ, ಕಣ್ಣಿನ ಮೇಲೂ ಪಾರದರ್ಶಕ ಚರ್ಮ ಇರುತ್ತದೆ, ಅದೂ ಪೊರೆಯ ಜೊತೆ ಬರಬೇಕು. ತುಂಡುತುಂಡಾಗಿ ಬಂದರೆ ಟ್ಯಾಂಕ್ ಒಳಗೆ ತೇವ ಸಾಲದು ಅಂತ ಅರ್ಥ. ಒಂದು ಡಬ್ಬಕ್ಕೆ ತೂತು ಮಾಡಿ, ಒದ್ದೆ ಮಾಡಿ ಹಿಂಡಿದ ತೆಂಗಿನ ನಾರಿನ ಪುಡಿ ತುಂಬಿ ಒಳಗಿಡಿ. ಹಾವು ತಾನೇ ಹೋಗಿ ಕೂರುತ್ತದೆ. ಬಾಲದ ತುದಿಯಲ್ಲಿ ಉಂಗುರದ ಹಾಗೆ ಪೊರೆ ಉಳಿದಿದೆಯಾ ನೋಡಿ. ಅದು ಬಿಗಿದರೆ ರಕ್ತ ಓಡದೆ ತುದಿ ಒಣಗಿ ಬೀಳುತ್ತದೆ. ಕಣ್ಣಿನ ಮೇಲೆ ಉಳಿದದ್ದನ್ನು ಮಾತ್ರ ವೈದ್ಯರೇ ತೆಗೆಯಬೇಕು. ಉಗುರು ಹಾಕಿದರೆ ನಿಜವಾಗಿಯೂ ಕಣ್ಣು ಹೋಗುತ್ತದೆ.

ಪ್ರಶ್ನೆ: ಸಾರ್, ಕಬ್ಬು ಕಡಿಯುವಾಗ ಒಂದು ಅಡಿಯ ಪುಟ್ಟ ಹಾವು ಸಿಕ್ಕಿತು. ಕಪ್ಪು ಮೈ, ಬಿಳಿ ಪಟ್ಟೆ. ವಿಷ ಇಲ್ಲ, ತೋಳದ ಹಾವು ಅಂತ ಮೊಬೈಲ್‌ನಲ್ಲಿ ನೋಡಿ ತಿಳಿದುಕೊಂಡೆ. ಪ್ಲಾಸ್ಟಿಕ್ ಡಬ್ಬದಲ್ಲಿ ಇಟ್ಟಿದ್ದೇನೆ. ಇದಕ್ಕೆ ಏನು ಕೊಡಬೇಕು? ಅಜ್ಜಿ ಹಾಲು ಹಾಕು ಅಂತಾರೆ. – ಪಾಂಡವಪುರ, ಮಂಡ್ಯ ಜಿಲ್ಲೆ

ಉತ್ತರ: ತಮ್ಮಾ, ಆ ಡಬ್ಬದ ಮುಚ್ಚಳ ತೆಗೆಯಬೇಡ. ಮಕ್ಕಳ ಕೈಗೆ ಸಿಗದ ಕಡೆ ಇಟ್ಟು ಅರಣ್ಯ ಇಲಾಖೆಯ 1926ಕ್ಕೆ ಫೋನ್ ಮಾಡು. ಮಿಕ್ಕಿದ್ದು ಆಮೇಲೆ ಓದು.

ಕಪ್ಪು ಮೈಗೆ ಬಿಳಿ ಪಟ್ಟೆ ಇರುವ ಮರಿ ತೋಳದ ಹಾವೂ ಆಗಿರಬಹುದು, ವಿಷದ ಕಟ್ಟುಹಾವೂ ಆಗಿರಬಹುದು. ಹಾವು ಹಿಡಿಯುವ ಅನುಭವಸ್ಥರೇ ಇವೆರಡರಲ್ಲಿ ತಪ್ಪಿದ್ದಾರೆ. ಫೋಟೊ ನೋಡಿ ತೀರ್ಮಾನ ಮಾಡುವ ವಿಷಯ ಇದಲ್ಲ. ಕಟ್ಟುಹಾವು ಕಚ್ಚಿದರೆ ನೋವು, ಊತ ಬಹಳ ಕಡಿಮೆ. ಎಷ್ಟೋ ಜನಕ್ಕೆ ಕಚ್ಚಿದ್ದೇ ಗೊತ್ತಾಗುವುದಿಲ್ಲ. ಹೊಟ್ಟೆನೋವು, ರೆಪ್ಪೆ ಜೋಲುವುದು, ಮಾತು ತೊದಲುವುದು, ಆಮೇಲೆ ಉಸಿರು ನಿಲ್ಲುವುದು. ನಿನಗೆ ಈಗಾಗಲೇ ಕಚ್ಚಿದೆ ಅಂತ ಸ್ವಲ್ಪ ಅನುಮಾನ ಇದ್ದರೂ 108ಕ್ಕೆ ಫೋನ್ ಮಾಡಿ ಸರ್ಕಾರಿ ಆಸ್ಪತ್ರೆಗೆ ಹೋಗು. ನಾಟಿ ಔಷಧಿ, ಮಂತ್ರ ಅಂತ ಹೊತ್ತು ಕಳೆಯಬೇಡ. ನಾಗರ, ಕೊಳಕುಮಂಡಲ, ಕಟ್ಟುಹಾವು, ಗರಗಸ ಮಂಡಲ ನಾಲ್ಕಕ್ಕೂ ಒಂದೇ ಪ್ರತಿವಿಷ ಕೆಲಸ ಮಾಡುತ್ತದೆ.

ಅಜ್ಜಿಯ ಪ್ರೀತಿ ದೊಡ್ಡದು, ಆದರೆ ಹಾಲು ಹಾವಿನ ಆಹಾರವಲ್ಲ. ಅದಕ್ಕೆ ಹಾಲು ಜೀರ್ಣವಾಗುವುದೇ ಇಲ್ಲ. ಇನ್ನು ನಮ್ಮ ನೆಲದ ಹಾವು ವಿಷ ಇಲ್ಲದ್ದಾದರೂ ಇಟ್ಟುಕೊಳ್ಳುವಂತಿಲ್ಲ. ಕೇರೆ, ನೀರು ಹಾವು, ಮಣ್ಣುಮುಕ್ಕ ಎಲ್ಲವೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬರುತ್ತವೆ. ಹಿಡಿದಿಟ್ಟರೆ ಜೈಲು. ಮಣ್ಣುಮುಕ್ಕನಿಗೆ ಲಕ್ಷಗಟ್ಟಲೆ ಕೊಡುತ್ತೇವೆ ಅಂತ ಯಾರಾದರೂ ಬಂದರೆ ಪೊಲೀಸರಿಗೆ ತಿಳಿಸು. ನಿನಗೆ ಹಾವು ಅಂದರೆ ಇಷ್ಟ ಅಂತ ಪತ್ರದಲ್ಲೇ ಗೊತ್ತಾಗುತ್ತದೆ. ಹಾಗಾದರೆ ಬದುವಿನ ಮೇಲೆ ಓಡಾಡುವ ಕೇರೆಹಾವನ್ನು ಯಾರೂ ಹೊಡೆಯದ ಹಾಗೆ ನೋಡಿಕೋ. ನಿಮ್ಮ ಕಬ್ಬು, ಭತ್ತದ ಇಲಿಗಳನ್ನು ಅದು ತಿನ್ನುತ್ತದೆ.

ಪ್ರಶ್ನೆ: ಒಂಬತ್ತು ವರ್ಷದ ಮಗ ಹಾವು ಬೇಕು ಅಂತ ಹಟ ಮಾಡುತ್ತಿದ್ದಾನೆ. ಮನೆಯಲ್ಲಿ ಎರಡು ವರ್ಷದ ಮಗಳೂ ಇದ್ದಾಳೆ. ಹಾವು ನಮ್ಮನ್ನು ಗುರುತಿಸುತ್ತಾ? ಪ್ರೀತಿ ಮಾಡುತ್ತಾ? – ಕುವೆಂಪುನಗರ, ಮೈಸೂರು

ಉತ್ತರ: ಈಗ ಬೇಡಮ್ಮ. ಹಾವು ನಿಮ್ಮ ಕೈಗೆ ಒಗ್ಗಿಕೊಳ್ಳಬಹುದು, ಹೆದರದೆ ಇರಬಹುದು. ನಾಯಿಯ ಹಾಗೆ ಬಾಗಿಲಿಗೆ ಓಡಿ ಬರುವುದಿಲ್ಲ. ಅದನ್ನು ಬಯಸಿ ತಂದ ಮಕ್ಕಳಿಗೆ ಕೆಲವೇ ತಿಂಗಳಲ್ಲಿ ಬೇಜಾರಾಗುತ್ತದೆ. ಆದರೆ ಬಾಲ್ ಪೈಥಾನ್ 20ರಿಂದ 30 ವರ್ಷ ಬದುಕುತ್ತದೆ. ಮಗ ಓದಲು, ಕೆಲಸಕ್ಕೆ ಅಂತ ಬೇರೆ ಊರಿಗೆ ಹೋದ ಮೇಲೂ ಫ್ರೀಜರ್‌ನಲ್ಲಿ ಇಲಿ ಇಡುವವರು ನೀವೇ.

ಮಗಳ ವಯಸ್ಸು ಇನ್ನೂ ಮುಖ್ಯ. ಆರೋಗ್ಯವಾಗಿರುವ ಹಾವಿನ ಮೈಮೇಲೂ ಸಾಲ್ಮೊನೆಲ್ಲಾ ಅನ್ನುವ ಬ್ಯಾಕ್ಟೀರಿಯಾ ಇರಬಹುದು. ಐದು ವರ್ಷದೊಳಗಿನ ಮಕ್ಕಳಿಗೆ ಅದರಿಂದ ಜೋರು ಜ್ವರ, ಭೇದಿ ಬರಬಹುದು. ಮಗು ಹಾವನ್ನು ಮುಟ್ಟದಿದ್ದರೂ ಮುಟ್ಟಿದವರ ಕೈಯಿಂದ ಬರಬಹುದು.

ಮಗನ ಆಸೆಯನ್ನು ಮಾತ್ರ ಚಿವುಟಬೇಡಿ. ಮೈಸೂರು ಮೃಗಾಲಯದಲ್ಲಿ ಪ್ರಾಣಿಗಳನ್ನು ದತ್ತು ತೆಗೆದುಕೊಳ್ಳುವ ಯೋಜನೆ ಇದೆ. ಅವನ ಹುಟ್ಟುಹಬ್ಬಕ್ಕೆ ಒಂದು ಹಾವಿನ ಖರ್ಚನ್ನು ನೀವು ವಹಿಸಿಕೊಳ್ಳಬಹುದಾ ಅಂತ ಕಚೇರಿಯಲ್ಲಿ ವಿಚಾರಿಸಿ. ಮಂಗಳವಾರ ಅಲ್ಲಿ ರಜೆ. ಬೇರೆ ಯಾವ ದಿನವಾದರೂ ಬೆಳಿಗ್ಗೆ ಬೇಗ, ಜನ ಸೇರುವ ಮುಂಚೆ ಅವನನ್ನು ಕರೆದುಕೊಂಡು ಹೋಗಿ.