ಬೇರೆ ಪೇಪರ್ ಬೇಡ, ಇರೋದ್ರಲ್ಲೇ ಸೇರಿಸಿ
ಪಿಆರ್ (ಪಬ್ಲಿಕ್ ರಿಲೇಶನ್ಸ್, ಅಂದ್ರೆ ಸಾರ್ವಜನಿಕ ಸಂಪರ್ಕ) ಕೋರ್ಸಲ್ಲಿ ಇಂಟರ್‌ನ್ಯಾಷನಲ್ ವಿಷಯಕ್ಕೆ ಬೇರೆ ಪೇಪರ್ ಇಡ್ಬೇಕಾ, ಇರೋ ಪೇಪರ್‌ಗಳಲ್ಲೇ ಸೇರಿಸ್ಬೇಕಾ ಅಂತ ಕೇಳಿದೀರಲ್ಲ ಮೇಡಂ, ಖಂಡಿತ ಇರೋದ್ರಲ್ಲೇ ಸೇರಿಸಿ. ಬೇರೆ ಮಾಡಿದ್ರೆ ಅದು ಕೊನೆ ಸೆಮಿಸ್ಟರ್ ಎಲೆಕ್ಟಿವ್ ಆಗಿ ಕೂತ್ಬಿಡುತ್ತೆ, ಉಳಿದವರೆಲ್ಲ ತಮ್ಮ ದೇಶದ ರೀತಿನೇ ಪ್ರಪಂಚದ ರೀತಿ ಅಂದ್ಕೊಂಡೇ ಡಿಗ್ರಿ ಮುಗಿಸ್ತಾರೆ.

ಥಿಯರಿಯಿಂದಲೇ ಶುರು ಮಾಡ್ಬಹುದು. ಪಿಆರ್ ವಿದ್ವಾಂಸರಾದ ಗ್ರೂನಿಗ್ ಮತ್ತು ಹಂಟ್ 1984ರಲ್ಲಿ ಕೊಟ್ಟ, ಸಂಸ್ಥೆಗಳು ಜನರ ಜೊತೆ ಹೇಗೆ ಸಂವಹನ ಮಾಡ್ತವೆ ಅನ್ನೋ ನಾಲ್ಕು ಮಾಡೆಲ್ ಅಮೆರಿಕದ ಪಿಆರ್ ಇತಿಹಾಸ ನೋಡಿ ಮಾಡಿದ್ದು, ಮಾಧ್ಯಮ ಸರ್ಕಾರದ ಕೈಲಿರೋ ದೇಶದಲ್ಲಿ ಇದು ಹೇಗೆ ನಡೆಯುತ್ತೆ ಅಂತ ಕೇಳಿ, ಚರ್ಚೆ ತಾನಾಗೇ ಏಳುತ್ತೆ. ಹಾಫ್‌ಸ್ಟೆಡ್ ಸ್ಕೋರ್ (ಒಂದೊಂದು ದೇಶದ ಸಂಸ್ಕೃತಿಯನ್ನ ನಂಬರಲ್ಲಿ ಅಳೆಯೋ ಪದ್ಧತಿ) ಮಾತ್ರ ಹುಷಾರಾಗಿ ಬಳಸಿ. ಮೂಲ ಡೇಟಾ ಐಬಿಎಂ ಉದ್ಯೋಗಿಗಳ ಹಳೇ ಸರ್ವೆದು, ನಂಬರ್ ಕೊಟ್ಟ ತಕ್ಷಣ ಹುಡುಗ್ರು ಆ ದೇಶದವರೆಲ್ಲ ಹೀಗೇ ಅಂತ ತೀರ್ಮಾನ ಮಾಡ್ಬಿಡ್ತಾರೆ.

ಕ್ರೈಸಿಸ್ ಪಾಠಕ್ಕೆ ಇಟಲಿಯ ಫ್ಯಾಷನ್ ಕಂಪನಿ ಡೋಲ್ಚೆ ಅಂಡ್ ಗಬ್ಬಾನದ 2018ರ ಕೇಸ್ ತುಂಬಾ ಚೆನ್ನಾಗಿದೆ. ಚೀನೀ ಮಾಡೆಲ್ ಒಬ್ಳು ಚಾಪ್‌ಸ್ಟಿಕ್ ಹಿಡ್ಕೊಂಡು ಪಿಜ್ಜಾ ತಿನ್ನೋಕೆ ಒದ್ದಾಡೋ ಜಾಹೀರಾತು ಬಿಟ್ರು, ಜನ ರೊಚ್ಚಿಗೆದ್ರು, ಶಾಂಘೈ ಶೋನೇ ಕ್ಯಾನ್ಸಲ್ ಆಯ್ತು, ಆಮೇಲೆ ಸಂಸ್ಥಾಪಕರಿಬ್ರೂ ಕ್ಯಾಮೆರಾ ಮುಂದೆ ಕೂತು ಕ್ಷಮೆ ಕೇಳಿ ಕೊನೆ ಮಾತನ್ನ ಚೀನೀ ಭಾಷೆಯಲ್ಲೇ ಹೇಳಿದ್ರು. ಆ ವಿಡಿಯೋ ತೋರಿಸೋ ಮುಂಚೆ ವಿದ್ಯಾರ್ಥಿಗಳ ಕೈಲೇ ಕ್ಷಮಾಪಣೆ ಬರೆಸಿ, ನಂತರ ಎರಡನ್ನೂ ಪಕ್ಕಪಕ್ಕ ಇಟ್ಟು ಯಾರನ್ನ ಉದ್ದೇಶಿಸಿ ಮಾತಾಡಿದೀವಿ, ಯಾವುದಕ್ಕೆ ಕ್ಷಮೆ ಕೇಳಿದೀವಿ ಅಂತ ನೋಡಿಸಿ. ಜಾಹೀರಾತು ಓಕೆ ಆಗೋ ಮುಂಚೆ ಅದನ್ನ ಯಾರ್ಯಾರಿಗೆ ತೋರಿಸ್ಬೇಕಿತ್ತು ಅನ್ನೋದನ್ನೂ ಕೇಳಿ, ನಿಜವಾದ ಪಾಠ ಅಲ್ಲೇ ಇರೋದು.

ಇನ್ನೊಂದು, ಹೊರದೇಶದ ವಿದ್ಯಾರ್ಥಿ ಕ್ಲಾಸಲ್ಲಿದ್ರೆ ದಯವಿಟ್ಟು "ನಿಮ್ಮ ದೇಶದಲ್ಲಿ ಹೇಗೆ?" ಅಂತ ಪದೇ ಪದೇ ಅವರನ್ನೇ ಕೇಳ್ಬೇಡಿ. ಅವರಿಗೆ ಹೇಳ್ಬೇಕು ಅನ್ಸಿದಾಗ ಹೇಳ್ತಾರೆ.