ಭಾವನ ಬಾಯಿ, ಇಪ್ಪತ್ತು ಲಕ್ಷ

ಮೈಸೂರಿನ ಓದುಗರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಅದರಲ್ಲಿ ಕಣ್ಣಿಗೆ ಚುಚ್ಚಿದ್ದು ಮೂರನೇ ಪುಟದ ಅರ್ಧ ಸಾಲು: ‘ನಮ್ಮ ಬಜೆಟ್ ಎಷ್ಟು ಅಂತ ಭಾವ ಬ್ರೋಕರ್‌ಗೆ ಹೇಳಿಬಿಟ್ಟಿದ್ದಾರೆ, ಅದಿರಲಿ...’

ಅದಿರಲಿ ಅಂದರೆ ಹೇಗಮ್ಮ ಇರುತ್ತದೆ?

ಉಳಿದವರಿಗಾಗಿ ವಿಷಯ ಇಷ್ಟು. ಮೂವತ್ತು ನಲವತ್ತರ ಸೈಟು, ಅದರಲ್ಲಿ 27 ವರ್ಷ ಹಳೆಯ 12 ಚದರದ, ಅಂದರೆ 1,200 ಚದರಡಿಯ ಮನೆ. ಮಾಲೀಕರು ಹೈದರಾಬಾದಿನ ಮಗನ ಮನೆ ಸೇರಿ ಏಳು ತಿಂಗಳಾಗಿದೆ, ಅವತ್ತಿನಿಂದ ಈ ಮನೆಯ ಬೀಗ ತೆಗೆದಿಲ್ಲ. ಕೇಳುತ್ತಿರುವುದು 1 ಕೋಟಿ 25 ಲಕ್ಷ. ‘ಲಾಸ್ಟ್ 1.20, ಇನ್ನೊಂದು ಪಾರ್ಟಿ ರೆಡಿ ಇದೆ, ಆಷಾಢ ಬರುವುದರೊಳಗೆ ಟೋಕನ್ ಕೊಡಿ’ ಅನ್ನುವುದು ಬ್ರೋಕರ್ ಮಾತು. ‘ಅದಕ್ಕಿಂತ ಕಡಿಮೆ ಕೇಳಿದರೆ ಮರ್ಯಾದೆ ಹೋಗುತ್ತದೆ’ ಅನ್ನುವುದು ಭಾವನ ಮಾತು. ಇವರ ಯಜಮಾನರು ಅಣ್ಣನ ಮುಂದೆ ಬಾಯಿ ಬಿಡುವುದಿಲ್ಲ. ಎಷ್ಟಕ್ಕೆ ಕೇಳಲಿ ಎಂದು ಇವರ ಪ್ರಶ್ನೆ.

ಬ್ರೋಕರ್ ಮೇಲೆ ನನಗೆ ಸಿಟ್ಟಿಲ್ಲ. ಅವರ ಲೆಕ್ಕ ಅವರಿಗೆ. ಬೆಲೆ ಇಪ್ಪತ್ತು ಲಕ್ಷ ಇಳಿದರೆ ಶೇ 1ರ ಕಮಿಷನ್ನಿನಲ್ಲಿ ಅವರಿಗೆ ಹೋಗುವುದು 20 ಸಾವಿರ. ವ್ಯಾಪಾರವೇ ಮುರಿದರೆ ಒಂದು ಲಕ್ಷಕ್ಕೆ ಮೇಲೆ. ಹಾಗಾಗಿ ಅವರಿಗೆ ಬೆಲೆಗಿಂತ ಬೇಗ ಮುಗಿಯುವುದು ಮುಖ್ಯ, ಬೆಲೆ ಇಳಿಸಲು ಅವರೂ ಮಾಲೀಕರಿಗೆ ಹೇಳುತ್ತಾರೆ. ಆದರೆ ನೀವು 1.20 ಕೊಡಬಲ್ಲಿರಿ ಎಂದು ಗೊತ್ತಾದ ಮೇಲೆ ಯಾವ ಬ್ರೋಕರ್ 1.05ಕ್ಕೆ ಬಾಯಿ ಸವೆಸುತ್ತಾರೆ? ‘ಲಾಸ್ಟ್’ ಎಂಬ ಅಂಕಿ ಸರಿಯಾಗಿ 1.20ಕ್ಕೇ ನಿಂತದ್ದು ಕಾಕತಾಳೀಯವಲ್ಲ. ಅದು ಮನೆಯ ಬೆಲೆಯಲ್ಲ, ಭಾವ ಹೇಳಿದ ನಿಮ್ಮ ಜೇಬಿನ ಅಳತೆ.

ಆ ಅಳತೆಯೂ ತಪ್ಪು. ಕೈಯಲ್ಲಿ 45, ಬ್ಯಾಂಕ್ ಸಾಲ 75, ಕೂಡಿದರೆ 1.20 ಅಂದರು ಭಾವ. ಕರ್ನಾಟಕದ ಪಟ್ಟಣಗಳಲ್ಲಿ ಈ ಬೆಲೆಯ ಮನೆಗೆ ಮುದ್ರಾಂಕ ಶುಲ್ಕ ಶೇ 5, ಅದರ ಮೇಲಿನ ಸೆಸ್ಸು ಸರ್‌ಚಾರ್ಜು ಸೇರಿ ಶೇ 5.6. ನೋಂದಣಿ ಶುಲ್ಕ 2025ರ ಆಗಸ್ಟ್ ಕೊನೆಯಿಂದ ಶೇ 1 ಇದ್ದದ್ದು 2 ಆಗಿದೆ. ಒಟ್ಟು ಶೇ 7.6. 1.20ಕ್ಕೆ ಇದೇ 9 ಲಕ್ಷ 12 ಸಾವಿರ. ಬ್ರೋಕರ್‌ಗೆ 1 ಲಕ್ಷ 20 ಸಾವಿರ. ನೀವೇ ಬರೆದ ರಿಪೇರಿ ಅಂದಾಜು ಮೂರೂವರೆ ಲಕ್ಷ. ಸುಮಾರು 14 ಲಕ್ಷ ಎಲ್ಲಿಂದ ತರುತ್ತೀರಿ? ಭಾವ ಕೊಡುತ್ತಾರೆಯೇ?

ಇನ್ನು ಮನೆಗೆ ನಿಜಕ್ಕೂ ಬೆಲೆ ಎಷ್ಟು. ಹಳೇ ಮನೆ ಕೊಳ್ಳುವಾಗ ನೀವು ಕೊಳ್ಳುವುದು ಮುಖ್ಯವಾಗಿ ಮಣ್ಣನ್ನು. ಅದೇ ಬೀದಿಯಲ್ಲಿ ಈ ವರ್ಷ ಖಾಲಿ ಸೈಟು ಚದರಡಿಗೆ 8,000ಕ್ಕೆ ಹೋಯಿತು ಎಂದಿದ್ದೀರಿ. ಅದು ಬಾಯಿಮಾತೋ, ಕ್ರಯಪತ್ರದಲ್ಲಿ ಇರುವುದೋ ವಿಚಾರಿಸಿಕೊಳ್ಳಿ. ನಿಜವೇ ಆದರೆ 1,200 ಅಡಿಗೆ 96 ಲಕ್ಷ. ಕಟ್ಟಡ ಇವತ್ತು ಹೊಸದಾಗಿ ಕಟ್ಟಿಸಿದರೆ ಚದರಕ್ಕೆ 2 ಲಕ್ಷದಂತೆ 24 ಲಕ್ಷ. 60 ವರ್ಷದ ಆಯಸ್ಸಿನಲ್ಲಿ 27 ಕಳೆದಿದೆ, ಉಳಿದದ್ದರ ಬೆಲೆ 13 ಲಕ್ಷ. ರಿಪೇರಿ ಕಳೆಯಿರಿ. 1 ಕೋಟಿ 5 ಲಕ್ಷದ ಆಸುಪಾಸು ನಿಲ್ಲುತ್ತದೆ. ತೇಗದ ಬಾಗಿಲು, ಅಂಗಳದ ಸಂಪಿಗೆ ಮರ ಎಂದು ಮಾಲೀಕರು ಹೇಳಿದ್ದಕ್ಕೆಲ್ಲ ಬೇರೆ ದರ ಇಲ್ಲ.

ರಿಪೇರಿ ಮೂರೂವರೆಯಲ್ಲಿ ಮುಗಿಯುವ ಬಗ್ಗೆಯೂ ನನಗೆ ಗುಮಾನಿ. ‘ಹಾಲಿನ ಒಂದು ಗೋಡೆಗೆ ಮಾತ್ರ ಹೊಸ ಬಣ್ಣ ಹೊಡೆದಿದ್ದಾರೆ’ ಎಂದಿದ್ದೀರಿ. ಅದು ಮಹಡಿ ಬಾತ್‌ರೂಮಿನ ಕೆಳಗಿನ ಗೋಡೆಯಲ್ಲವೇ? ಮೇಲಿನ ಬಚ್ಚಲಿನ ನೀರು ಹೋಗುವ ತೂತಿಗೆ ಬಟ್ಟೆ ತುರುಕಿ, ನಾಲ್ಕು ಬೆರಳು ನೀರು ನಿಲ್ಲಿಸಿ, ಮಾರನೇ ದಿನ ಕೆಳಗಿನ ಗೋಡೆಗೂ ಹಾಲಿನ ಸೂರಿಗೂ ಅಂಗೈಯ ಹಿಂಭಾಗ ಒತ್ತಿ ನೋಡಿ. ತಣ್ಣಗೆ ಅಂಟಿದರೆ ಟೈಲ್ಸ್ ಕೀಳಿಸದೆ ಗತಿಯಿಲ್ಲ. ಸಜ್ಜೆಗಳ ಅಡಿಯೂ ನೋಡಿ. ಸಿಮೆಂಟು ಉದುರಿ ತುಕ್ಕು ಹಿಡಿದ ಕಂಬಿ ಕಾಣುತ್ತಿದ್ದರೆ ಅದು ಬಣ್ಣದಿಂದ ಮುಚ್ಚುವ ಖರ್ಚಲ್ಲ.

ಮನೆಯ ಬೆಲೆ 1.05, ಆದರೆ ನಿಮ್ಮ ಮಿತಿ ಅದಕ್ಕಿಂತ ಕಡಿಮೆ. ಆ 45 ಲಕ್ಷದಲ್ಲಿ 8 ಲಕ್ಷ ಅತ್ತೆಯವರ ಎಫ್‌ಡಿ. ಅದನ್ನು ಮುರಿಸಬೇಡಿ. ವಯಸ್ಸಾದವರ ಎಫ್‌ಡಿ ಮಕ್ಕಳ ಮನೆಯ ತಳಪಾಯವಲ್ಲ ಎಂದು ಈ ಅಂಕಣದಲ್ಲಿ ಬರೆದು ಬರೆದು ಸಾಕಾಗಿದೆ, ಆದರೂ ಬರೆಯುತ್ತೇನೆ. ಆಗ ಕೈಯಲ್ಲಿ 37. ಮನೆ ಬೆಲೆ 75 ಲಕ್ಷ ಮೀರಿದರೆ ಬ್ಯಾಂಕು ಶೇ 75ಕ್ಕಿಂತ ಹೆಚ್ಚು ಸಾಲ ಕೊಡುವಂತಿಲ್ಲ, ಅದೂ ಕರಾರಿನ ಬೆಲೆ ಮತ್ತು ಬ್ಯಾಂಕಿನ ವ್ಯಾಲ್ಯುಯೇಷನ್ ಎರಡರಲ್ಲಿ ಯಾವುದು ಕಡಿಮೆಯೋ ಅದರ ಮೇಲೆ. ಒಂದು ಕೋಟಿಗೆ 75 ಸಾಲ, 25 ಕೈಯಿಂದ, ಶುಲ್ಕ 7.6, ಕಮಿಷನ್ 1, ರಿಪೇರಿ 3.5. ಒಟ್ಟು 37 ಲಕ್ಷ 10 ಸಾವಿರ, ಕೈಯಲ್ಲಿರುವುದಕ್ಕಿಂತ ಹತ್ತು ಸಾವಿರ ಹೆಚ್ಚೇ. ನಿಮ್ಮ ಮಿತಿ ಒಂದು ಕೋಟಿ, ಒಂದು ರೂಪಾಯಿ ಮೇಲಲ್ಲ.

‘80ಕ್ಕೆ ರಿಜಿಸ್ಟರ್ ಮಾಡಿಸಿ, ಉಳಿದದ್ದು ನಗದು ಕೊಡಿ, ಶುಲ್ಕ ಉಳಿಯುತ್ತದೆ’ ಎಂಬ ಸಲಹೆ ಖಂಡಿತ ಬರುತ್ತದೆ. ಕಾನೂನಿನ ಮಾತು ಒತ್ತಟ್ಟಿಗಿರಲಿ, ಸಾಲವೂ 60ಕ್ಕೆ ಇಳಿಯುತ್ತದೆ. ಒಂದೂವರೆ ಲಕ್ಷ ಉಳಿಸಲು ಕೈಯಿಂದ ಇನ್ನೂ ಹದಿನೈದು ಲಕ್ಷ ಹೊಂದಿಸಬೇಕು.

94ರಿಂದ ಶುರುಮಾಡಿ. ಆಮೇಲೆ 97, ಆಮೇಲೆ 99, ಕೊನೆಗೆ ಕೋಟಿ. ಏರಿಸುವ ಮೊತ್ತ ಪ್ರತಿ ಸಲ ಕಡಿಮೆಯಾಗುತ್ತಿದ್ದರೆ ಎದುರಿನವರಿಗೆ ತಳ ಕಾಣುತ್ತದೆ. ಪ್ರತಿ ಸಲವೂ ನಾಲ್ಕು ದಿನ ಬಿಡಿ. ಇನ್ನೊಂದು ಪಾರ್ಟಿ ಇದ್ದಿದ್ದರೆ ಏಳು ತಿಂಗಳು ಬೀಗ ಇರುತ್ತಿರಲಿಲ್ಲ. ಆಷಾಢದಲ್ಲಿ ಕೊಳ್ಳುವವರು ಕಡಿಮೆ, ಹಾಗಾಗಿ ಅದು ನಿಮ್ಮ ತಿಂಗಳು. 30 ವರ್ಷದ ಇಸಿ (ಋಣಭಾರ ಪತ್ರ), ಖಾತೆ, ಮೂಲ ಪತ್ರಗಳನ್ನು ವಕೀಲರು ನೋಡುವ ತನಕ ಟೋಕನ್ ಇಲ್ಲ. ಕೊಟ್ಟರೂ ಚೆಕ್ಕಿನಲ್ಲಿ. ದಾಖಲೆ ಸರಿಯಿಲ್ಲದಿದ್ದರೆ ಅಥವಾ ಸಾಲ ಸಿಗದಿದ್ದರೆ ಹಣ ವಾಪಸ್ ಎಂದು ಕರಾರಿನಲ್ಲಿ ಬರೆಸಿ.

ಇದೆಲ್ಲಕ್ಕಿಂತ ಮೊದಲು ಒಂದು ಕೆಲಸ. ಇವತ್ತೇ ಬ್ರೋಕರ್‌ಗೆ ನೀವೇ ಫೋನ್ ಮಾಡಿ, ಯಜಮಾನರೂ ಅಲ್ಲ, ನೀವು. ‘ಭಾವ ಹೇಳಿದ ಲೆಕ್ಕದಲ್ಲಿ ರಿಜಿಸ್ಟ್ರೇಷನ್ನು, ರಿಪೇರಿ ಬಿಟ್ಟುಹೋಗಿತ್ತು. ಇನ್ನು ಮೇಲೆ ಬೆಲೆ ವಿಷಯ ನನ್ನ ಹತ್ತಿರವೇ ಮಾತಾಡಿ’ ಅನ್ನಿ. ಸುಳ್ಳೇನಲ್ಲವಲ್ಲ. ಭಾವನನ್ನು ಗೃಹಪ್ರವೇಶಕ್ಕೆ ಕರೆದರಾಯಿತು.